ಕಿವಿರು ಮೂಡಿದ ಮುಖ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಚಿತ್ರಕಾರ ಠಾಣೆಗೆ ಬಂದು ದೂರು ಕೊಟ್ಟ. ಊಟದ ವಿರಾಮಕ್ಕೆ ಗ್ಯಾಲರಿ ಮುಚ್ಚಿದ್ದಾಗ ಯಾರೋ ಅವನ ಅತಿ ದೊಡ್ಡ ಚಿತ್ರದಿಂದ ಮುಖವನ್ನಷ್ಟೇ ಕತ್ತರಿಸಿಕೊಂಡು ಹೋಗಿದ್ದರು.

"ಯಾರ ಮುಖ?" ಇನ್ಸ್‌ಪೆಕ್ಟರ್ ಕೇಳಿದರು.

"ಯಾರದ್ದೂ ಅಲ್ಲ ಸಾರ್. ಸಮುದ್ರದ ಪ್ರಾಣಿ. ನನ್ನ ಕಲ್ಪನೆ."

ಉತ್ತರ ಸ್ವಲ್ಪ ಬೇಗನೇ ಬಂತು ಅನ್ನಿಸಿತು ಇನ್ಸ್‌ಪೆಕ್ಟರಿಗೆ. ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ಪಂಚನಾಮೆಗೆ ಹೊರಟರು.

ಗ್ಯಾಲರಿಯ ಗೋಡೆಗಳ ತುಂಬ ಕಂಡರಿಯದ ಜೀವಿಗಳು. ಏಡಿಯ ಕಾಲುಗಳ ಕಡಲಕುದುರೆ, ಹವಳದ ಕೊಂಬು ಮೂಡಿದ ತಿಮಿಂಗಿಲ, ಚಿಪ್ಪಿನೊಳಗಿಂದ ಚಾಚಿದ ಮನುಷ್ಯರ ಕೈ.

"ಇನ್ಮೇಲೆ ನಾನು ಮೀನು ತಿಂದ ಹಾಗೇ ಸಾರ್," ಎಂದಳು ಕಾನ್‌ಸ್ಟೆಬಲ್.

ಹಾಳಾದ ಚಿತ್ರದಲ್ಲಿ ಜೆಲ್ಲಿಮೀನಿನ ಗಾಜಿನಂಥ ಮೈ ಉಳಿದಿತ್ತು, ಮೇಲೆ ಬರೀ ತೂತು. ಕತ್ತರಿಯಿಂದ ನಿಧಾನವಾಗಿ ಕತ್ತರಿಸಿದ ಗುರುತು. ಅಂಚಿನಲ್ಲಿ ತಿಳಿನೀಲಿ ಪುಡಿ; ಮೊದಲು ಗೆರೆ ಹಾಕಿಕೊಂಡು ಆಮೇಲೆ ಕತ್ತರಿಸಿದ್ದರು. ಉಳಿದ ಚಿತ್ರಗಳನ್ನು ಯಾರೂ ಮುಟ್ಟಿರಲಿಲ್ಲ.

ಒಂದು ಚಿತ್ರವೂ ಮಾರಾಟವಾಗಿರಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾಗಲೆಂದು ಇವನೇ ಮಾಡಿಕೊಂಡನೇ? ಇನ್ಸ್‌ಪೆಕ್ಟರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ, ಉದ್ಘಾಟನೆಯ ದಿನ ಚಿತ್ರಕಾರನ ಮೇಲೆ ಕೂಗಾಡಿದ್ದ ಸಾಗರವಿಜ್ಞಾನಿಯನ್ನು ಕಾಣಲು ಹೋದರು.

"ಜಗಳ ಆಡಿದ್ದು ನಿಜ," ಎಂದರು ಆತ. "ನನ್ನ ಲ್ಯಾಬಿನಲ್ಲಿ ಕೂತು ಬರ್ಕೊಂಡು ಹೋದ, ಒಂದು ಥ್ಯಾಂಕ್ಸ್ ಇಲ್ಲ. ಆದ್ರೆ ಕತ್ತರಿಸೋದಾದ್ರೆ ನಾನು ಮೈಯನ್ನ ಕತ್ತರಿಸ್ತಿದ್ದೆ. ಕಿವಿರು, ಮೈ ಎಲ್ಲ ನನ್ನಲ್ಲಿ ನೋಡಿದ್ದು. ಆ ಬಾಯಿ ಮಾತ್ರ ಯಾವ ಜಲಚರದ್ದೂ ಅಲ್ಲ."

ಗ್ಯಾಲರಿ ಮುಚ್ಚಿದ್ದ ಹೊತ್ತಿಗೆ ಆತ ಪಾಠ ಮಾಡುತ್ತಿದ್ದುದಕ್ಕೆ ಇಡೀ ತರಗತಿಯೇ ಸಾಕ್ಷಿ. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕೂತು, ಕತ್ತರಿಸುವ ಮೊದಲು ತೆಗೆದಿದ್ದ ಚಿತ್ರದ ಫೋಟೊವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರು. ಗುಳಿಬಿದ್ದ ಕೆನ್ನೆ, ಅರೆತೆರೆದ ಬಾಯಿ, ಅದರೊಳಗೆ ಇಳಿದ ನಳಿಕೆ.

ಕಾನ್‌ಸ್ಟೆಬಲ್ ಬಗ್ಗಿ ನೋಡಿದಳು. "ಸಾರ್, ನಮ್ಮತ್ತೆ ವೆಂಟಿಲೇಟರ್ ಮೇಲಿದ್ದಾಗ ಥೇಟ್ ಹೀಗೇ ಇದ್ರು."

ಜೀಪು ಗ್ಯಾಲರಿಗೆ ತಿರುಗಿತು.

"ಹೊರಗಿನವರು ಯಾರೂ ಬಂದಿಲ್ಲ ಸಾರ್, ಆಗ್ಲೇ ಹೇಳಿದ್ನಲ್ಲ," ಎಂದ ಕಾವಲುಗಾರ.

"ಮನೆಯವರು?"

"ಅವರ ಅಕ್ಕ ಬಂದಿದ್ರು, ಅಷ್ಟೇ."

ಅಕ್ಕನದು ಹೊಲಿಗೆ ಅಂಗಡಿ. ಮೇಜಿನ ಮೇಲೆ ಅರ್ಧ ಕತ್ತರಿಸಿದ ಕೋಟಿನ ಬಟ್ಟೆ, ಪಕ್ಕದಲ್ಲಿ ನೀಲಿ ಸೀಮೆಸುಣ್ಣ. ಪೊಲೀಸರನ್ನು ಕಂಡು ಅವಳು ಮಷಿನ್ ನಿಲ್ಲಿಸಿದಳು. ಕೇಳುವ ಮೊದಲೇ ಡ್ರಾಯರ್ ಎಳೆದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ್ದ ತುಂಡನ್ನು ಮೇಜಿನ ಮೇಲಿಟ್ಟಳು.

"ನಮ್ಮಮ್ಮ ಸಾರ್ ಇದು. ಜನ ಇದರ ಮುಂದೆ ನಿಂತು ಮೂತಿ ಸೊಟ್ಟ ಮಾಡ್ಕೊಂಡು ಸೆಲ್ಫಿ ತಗೋತಿದ್ರು. ಆಸ್ಪತ್ರೆಯಲ್ಲಿ ಅಮ್ಮ ಕೊನೆಯುಸಿರಿಗೆ ಒದ್ದಾಡ್ತಿದ್ರೆ ಇವನು ಪಕ್ಕದಲ್ಲಿ ಕೂತು ಪೆನ್ಸಿಲ್ ಆಡಿಸ್ತಿದ್ದ. ಈ ಚಿತ್ರ ತೆಗಿಯೋ ಅಂತ ಕೈಮುಗಿದೆ. 'ಅದು ಅಮ್ಮ ಅಲ್ಲಕ್ಕಾ, ಮೀನು' ಅಂದ."

ಸಂಜೆ ಠಾಣೆಗೆ ಕರೆಸಿದಾಗ, ಅಕ್ಕನನ್ನು ಕಂಡು ಚಿತ್ರಕಾರ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ಮೇಜಿನ ಮೇಲಿದ್ದ ತುಂಡಿನ ಹತ್ತಿರ ಬಂದ.

"ಅಮ್ಮನಿಗೆ ಉಸಿರೇ ಸಿಗ್ತಿರ್ಲಿಲ್ಲ ಅಕ್ಕಾ," ಎಂದ. "ನನ್ನ ಕೈಲಿ ಏನೂ ಆಗ್ಲಿಲ್ಲ. ಅದಕ್ಕೇ ಕಿವಿರು ಬರೆದೆ. ನೀರೊಳಗಾದ್ರೂ ಉಸಿರಾಡ್ಲಿ ಅಂತ."

ಅಕ್ಕ ಅವನನ್ನೇ ನೋಡಿದಳು. "ಇದನ್ನ ನನಗೆ ಹೇಳೋಕೆ ಏನಾಗಿತ್ತೋ ನಿನಗೆ?"

ಅವನು ಇನ್ಸ್‌ಪೆಕ್ಟರ್ ಕಡೆ ತಿರುಗಿದ. "ಕೇಸ್ ವಾಪಸ್ ತಗೋತೀನಿ ಸಾರ್."

"ಅದನ್ನ ಕೋರ್ಟಿನಲ್ಲಿ ಹೇಳಿ," ಎನ್ನುತ್ತ ಇನ್ಸ್‌ಪೆಕ್ಟರ್ ಬಂಧನದ ಮೆಮೊ ಎಳೆದುಕೊಂಡರು. ಕಳವು ಮತ್ತು ಆಸ್ತಿ ಹಾನಿ. ಕೊನೆಯ ಸಾಲಿಗೆ ಬಂದಾಗ ಅವರ ಪೆನ್ನು ನಿಂತಿತು.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕಮ್ಮಾ? ಹತ್ತಿರದವರು ಯಾರು?"

"ಇನ್ಯಾರಿದ್ದಾರೆ ಸಾರ್," ಎಂದಳು ಆಕೆ. "ಇವನೇ."

ಚಿತ್ರಕಾರ ಪೆನ್ನು ತೆಗೆದುಕೊಂಡು 'ತಮ್ಮ' ಎಂದು ಬರೆದು ಸಹಿ ಹಾಕಿದ.