ಕೆಮ್ಮಣ್ಣು ಬಳಿದ ಅಗಸೆ

"ಏಯ್, ಕೈ ತೆಗಿ ಅಲ್ಲಿಂದ."

ಸಾವಂತ್ರಿಯ ಸೊಂಟದ ಮೇಲಿದ್ದ ಕೊಡ ಸಿಟ್ಟಿಗೆ ತುಳುಕಿತು. ಸೊಕ್ಕೆ ಊರಿನ ಅಗಸೆ ಬಾಗಿಲಿಗೆ ಏಣಿ ಹಾಕಿಕೊಂಡು ಯಾರೋ ಪರವೂರಿನ ಗಂಡಸು ಒಂದೊಂದು ಕಲ್ಲಿನ ಮೇಲೂ ಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದ.

ಅವನು ತಿರುಗಿ ನೋಡಿದ. ಹುಬ್ಬಿನ ತುಂಬ ಕಲ್ಲುಪುಡಿ, ನಿಧಾನದ ಕಣ್ಣು. ಆ ನಿಧಾನ ಕಂಡು ಅವಳಿಗೆ ಇನ್ನಷ್ಟು ಉರಿಯಿತು.

"ಯಾಕೆ ಬರೀತಿದ್ದೀಯ?"

"ಕೆಡವಾಕೆ," ಅಂದ ಗೋಣೆಪ್ಪ.

ಅವನು ಮಾತು ಕಡಿಮೆಯ ಕಲ್ಲುಕೆಲಸದ ಮೇಸ್ತ್ರಿ. ಉಳಿದರ್ಧ ಮಾತನ್ನು ಏಣಿ ಇಳಿದು ಹೇಳುವವನಿದ್ದ. ಅಷ್ಟರಲ್ಲಿ ಕೊಡದ ನೀರು ಪೂರಾ ಅವನ ಮೇಲಿತ್ತು. ಅವಳು ಹೊರಟೇ ಹೋಗಿದ್ದಳು.

ಆ ಅಗಸೆ ಊರಿಗೆಲ್ಲ ಹೆಬ್ಬಾಗಿಲು. ಸಾವಂತ್ರಿಗೆ ಅದು ಮನೆಯ ಗೋಡೆಯಿದ್ದಂತೆ. ಹಬ್ಬ ಬಂದರೆ ಒಂದು ಕಲ್ಲಿಗೆ ಕೆಮ್ಮಣ್ಣು, ಪಕ್ಕದ ಕಲ್ಲಿಗೆ ಸುಣ್ಣ ಬಳಿಯುವುದು ಅವಳ ಮನೆಯವರ ಕೆಲಸ. ಅಜ್ಜಿಯ ಕಾಲು ಬಿದ್ದುಹೋದ ಮೇಲೆ ಹತ್ತು ವರ್ಷ ಅವಳೇ ಬಳಿದಿದ್ದಳು. ಅಜ್ಜಿಯನ್ನು ಬಿಟ್ಟು ಹೋಗಲಾರೆನೆಂದು ನೋಡಲು ಬಂದ ಎರಡು ಗಂಡನ್ನು ತಿರುಗಿಸಿ ಕಳಿಸಿದ್ದಳು.

ಈಗ, ಮೂವತ್ತೆಂಟನೇ ಇಸವಿಯಲ್ಲಿ, ಜಗಳೂರಿನಿಂದ ಊರಿಗೆ ಮೋಟಾರು ಬಸ್ಸು ಬರುವುದಿತ್ತು. ಅಗಸೆಯೊಳಗೆ ಬಸ್ಸು ಹಿಡಿಸುವುದಿಲ್ಲ, ಕೆಡವಿ ಕಲ್ಲನ್ನು ರಸ್ತೆಯ ಮೋರಿಗೆ ಹಾಕಿ ಅಂದಿದ್ದ ಓವರ್‌ಸೀಯರ್. ಬಸ್ಸು ಹತ್ತುವ ಆಸೆಗೆ ಊರ ಹಿರಿಯರೆಲ್ಲ ಕುರಿಗಳ ಹಾಗೆ ತಲೆಯಾಡಿಸಿದ್ದರು. ನಾಚಿಕೆಗೆಟ್ಟವರು.

ಗುರುತೇ ಇಲ್ಲದಿದ್ದರೆ ಅದ್ಹೆಂಗೆ ಕೆಡವುತ್ತಾರೋ ನೋಡ್ತೀನಿ... ಅಂದುಕೊಂಡಳು ಸಾವಂತ್ರಿ. ಮಾರನೆಯ ಬೆಳಗ್ಗೆ ಏಣಿ ಹತ್ತಿ, ತೆಂಗಿನ ನಾರಿನಿಂದ ಒಂದೊಂದು ಅಂಕಿಯನ್ನೂ ತಿಕ್ಕಿ ತೊಳೆದಳು. ಅದರ ಮೇಲೆ ಎಲ್ಲ ಕಲ್ಲಿಗೂ ಕೆಮ್ಮಣ್ಣು ಬಳಿದಳು.

ಬಿಸಿಲೇರುವಾಗ ಆಳುಗಳು ಹಾರೆ ಹಿಡಿದು ಬಂದರು. ಕೆಡವುವವರಿಗೆ ಅಂಕಿ ಯಾಕೆ ಬೇಕು? ಮಧ್ಯಾಹ್ನದ ಹೊತ್ತಿಗೆ ಅಗಸೆ ಒಂದು ಕೆಂಪು ಗುಡ್ಡೆಯಾಗಿ ಬಿದ್ದಿತ್ತು.

ಆಗ ಬಂದ ಗೋಣೆಪ್ಪ. ಜಗಳೂರಿನಿಂದ ನಡೆದೇ ಬಂದಿದ್ದ. ಕೈಯಲ್ಲಿ ಒಂದು ಕಾಗದ, ಮುಖದಲ್ಲಿ ನಗು. ಗುಡ್ಡೆ ನೋಡಿದವನ ನಗು ಅಲ್ಲೇ ಆರಿತು.

ಓವರ್‌ಸೀಯರನ ಕಾಲು ಹಿಡಿದು ಅವನು ಅಪ್ಪಣೆ ತಂದಿದ್ದ. ಅದೇ ಕಲ್ಲಿನಿಂದ ಅದೇ ಅಗಸೆಯನ್ನು ಕೆರೆಯ ದಾರಿಗೆ ಮತ್ತೆ ಕಟ್ಟಬಹುದು. ಆದರೆ ಹನ್ನೊಂದು ದಿನದಲ್ಲಿ, ಕಾರಹುಣ್ಣಿಮೆಯ ಎತ್ತುಗಳು ಅದರೊಳಗೆ ಹಾಯಬೇಕು. ಆಗದಿದ್ದರೆ ಕಲ್ಲು ಮೋರಿಗೆ. ಯಾವ ಕಲ್ಲು ಎಲ್ಲಿಯದು ಎಂದು ತಿಳಿಯಲೆಂದೇ ಅವನು ಅಂಕಿ ಬರೆದಿದ್ದ.

"ಅಂಕಿ ಅಳಿಸಿದ್ದು ಯಾರು?"

"ನಾನು," ಅಂದಳು ಸಾವಂತ್ರಿ.

ಅವನು ಬೈಯಲಿಲ್ಲ. ಕಲ್ಲಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡ. ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು.

ಮನೆಗೆ ಬಂದರೆ ಅಜ್ಜಿ ಕೇಳಿದಳು, "ಹಬ್ಬ ಬಂತಲ್ಲೇ, ಅಗಸೆ ಬಳಿದೆಯಾ?"

"ಬಳಿದೆ, ಅಜ್ಜಿ."

ಗೋಡೆಗೆ ಮುಖ ಮಾಡಿ ಮಲಗಿದಳು. ಉಳಿಸಬೇಕೆಂದು ಹೋಗಿ ನಾನೇ ಕೊಂದೆನಲ್ಲಾ... ಕಣ್ಣೀರು ಒರೆಸಿಕೊಂಡ ಬೆರಳಲ್ಲಿ ಒಂದು ಹಳೆಯ ಗಾಯದ ಗೆರೆ ಕಂಡಿತು. ಎಡಗಡೆ ಮೂರನೇ ಸಾಲಿನ ಕಲ್ಲು ಕೊಯ್ದ ಗಾಯ ಅದು.

ಹತ್ತು ವರ್ಷ ಬಳಿದ ಈ ಕೈಗೆ ಗೊತ್ತಿಲ್ಲದ ಕಲ್ಲಿದೆಯೇ? ಎದ್ದು ಓಡಿದಳು.

ಗೋಣೆಪ್ಪ ಉಳಿ ಸುತ್ತಿಗೆ ಗಂಟು ಕಟ್ಟುತ್ತಿದ್ದ. ಅವಳು ಮಂಡಿಯೂರಿ ಒಂದು ಕಲ್ಲನ್ನು ಉಗುರಿನಿಂದ ಕೆರೆದಳು. ಕೆಂಪಿನ ಕೆಳಗೆ ವರ್ಷವರ್ಷದ ಬಿಳುಪು.

"ಇದು ಸುಣ್ಣದ ಕಲ್ಲು, ಮೇಸ್ತ್ರಿ. ಎಡಗಡೆ ಮೂರನೇ ಸಾಲಿಂದು. ನನ್ನ ಬೆರಳು ಕೊಯ್ದಿದ್ದು ಇದೇ ಮೂಲೆ."

ಅವನು ಬೆರಳು ನೋಡಿದ, ಕಲ್ಲು ನೋಡಿದ. ಗಂಟು ಬಿಚ್ಚಿದ.

ಅವಳು ಹೇಳಿದಲ್ಲಿ ಅವನು ಆಳುಗಳಿಂದ ಕಲ್ಲು ಎತ್ತಿಸಿ ಇಟ್ಟ. ತಪ್ಪಾದರೆ ಕಿತ್ತು ಮತ್ತೆ ಇಟ್ಟ. ಅವಳು ಅತ್ತರೆ, ಇನ್ನೊಂದು ಸಲ ಮುಟ್ಟಿ ನೋಡು ಅನ್ನುತ್ತಿದ್ದ, ಅಷ್ಟೇ. ಊಟದ ಹೊತ್ತಿಗೆ ತನ್ನ ರೊಟ್ಟಿಯಲ್ಲಿ ಅರ್ಧ ಅವಳ ಕಡೆ ಸರಿಸುತ್ತಿದ್ದ.

ದಾರಿಯಲ್ಲಿ ಹೋಗುತ್ತಿದ್ದ ಊರಿನ ಚಿತ್ತಪ್ಪ ಒಮ್ಮೆ ನಿಂತು, "ಕಲ್ಲಿಗೆ ಕಲ್ಲಿನ ಜಾತಕ ನೋಡ್ತಿದ್ದೀರೋ, ನಿಮ್ಮದೇ ನೋಡ್ಕೊಳ್ತಿದ್ದೀರೋ?" ಅಂದ. ಇಬ್ಬರೂ ತಲೆ ಎತ್ತಲಿಲ್ಲ. ಕಿವಿ ಮಾತ್ರ ಇಬ್ಬರದೂ ಕೆಂಪಾಯಿತು.

ಕೊನೆಗೆ ಕಮಾನಿನ ಎರಡು ಕಲ್ಲು ಉಳಿದವು. ಎರಡೂ ಒಂದೇ ತರ. ಅವಳು ಒಂದನ್ನು ತೋರಿಸಿ, ಇದು ಎಡಕ್ಕೆ ಅಂದಳು.

ಕಾರಹುಣ್ಣಿಮೆಯ ಮಧ್ಯಾಹ್ನ ಬಂತು. ಆಚೆ ಬಣ್ಣದ ಕೋಡಿನ ಎತ್ತುಗಳು. ಈಚೆ ಓವರ್‌ಸೀಯರ್, ಕೈ ಹಿಂದೆ ಕಟ್ಟಿಕೊಂಡು. ಕಮಾನಿಗೆ ಕೊಟ್ಟ ಮರದ ಆಸರೆಗಳನ್ನು ಈಗ ತೆಗೆಯಬೇಕು. ಆಸರೆ ತೆಗೆಯುವಾಗ ಕಟ್ಟಿದವನು ಕೆಳಗೆ ನಿಲ್ಲಬೇಕು, ಗೋಣೆಪ್ಪನ ಮನೆತನದ ಕಟ್ಟಳೆ ಅದು. ಅವನು ಹೋಗಿ ನಿಂತ.

ಸಾವಂತ್ರಿ ಕಮಾನಿನ ಎಡಗಡೆಯ ಆ ಕಲ್ಲು ನೋಡಿದಳು. ಆ ಕಲ್ಲು ತಪ್ಪಿದ್ದರೆ... ಅವನ ತಲೆಯ ಮೇಲೆ!

ಅವಳು ನಡೆದು ಹೋಗಿ ಅವನ ಪಕ್ಕ ನಿಂತಳು.

"ಆಚೆ ಹೋಗು."

"ಆ ಎರಡು ಕಲ್ಲು ನಂಗೆ ಖಾತ್ರಿ ಇಲ್ಲ."

"ಗೊತ್ತು. ಹೇಳುವಾಗ ನಿನ್ನ ದನಿ ನಡುಗ್ತು."

"ಗೊತ್ತಿದ್ದೂ ಇಟ್ರಾ?"

"ನೀನು ಹೇಳಿದ್ದಕ್ಕೆ ಇಟ್ಟೆ."

"ಹಂಗಾದ್ರೆ ಇಬ್ಬರ ಮೇಲೂ ಬೀಳ್ಲಿ. ನಿಮ್ಮನ್ನ ಇಲ್ಲಿ ಬಿಟ್ಟು ಆಚೆ ನಿಂತು ನೋಡಾಕೆ ನನ್ನ ಕೈಲಾಗಲ್ಲ."

ಅವನು ಅವಳ ಕೈ ಹಿಡಿದ. ಆಳುಗಳಿಗೆ ತಲೆಯಾಡಿಸಿದ.

ಒಂದು ಆಸರೆ ಕಳಚಿ ಬಂತು. ಎರಡನೆಯದು ಬಂತು. ಮೂರನೆಯದನ್ನು ಎಳೆದಾಗ ಮೇಲೆ ಕಲ್ಲು ನರಳಿತು. ಅವಳ ತಲೆಗೂದಲಿಗೆ ಕೆಂಪು ಪುಡಿ ಉದುರಿತು. ಅವಳು ಕಣ್ಣು ಮುಚ್ಚಿದಳು...

ಕಮಾನು ನಿಂತಿತು.

ಎತ್ತುಗಳು ಗೆಜ್ಜೆಯ ಸದ್ದಿನೊಂದಿಗೆ ನುಗ್ಗಿದವು. ಇಬ್ಬರೂ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತರು. ಹಿಡಿದ ಕೈಯನ್ನು ಯಾರೂ ಬಿಡಲಿಲ್ಲ.

"ಅವತ್ತು ನೀನು ಅರ್ಧ ಮಾತಿಗೇ ಹೋಗಿಬಿಟ್ಟೆ," ಅಂದ ಗೋಣೆಪ್ಪ. "ಇವತ್ತು ಪೂರ್ತಿ ಕೇಳ್ತೀಯಾ?"

"ಹೇಳ್ರಿ. ಕೊಡ ತಂದಿಲ್ಲ."

"ಸಂಜೆ ನಿನ್ನನ್ನ ಕೇಳಾಕೆ ಅಜ್ಜಿ ಹತ್ರ ಬರ್ತೀನಿ. ಅಜ್ಜೀನ ಬಿಟ್ಟು ನೀನೆಲ್ಲಿಗೂ ಬರಬೇಕಾಗಿಲ್ಲ, ನಾನೇ ಈ ಊರಲ್ಲಿ ಇರ್ತೀನಿ."

ಅವಳು ಸೆರಗಿನಿಂದ ಅವನ ಹುಬ್ಬಿನ ಪುಡಿ ಒರೆಸಿದಳು. "ಅಜ್ಜಿ ನಿಮ್ಮನ್ನ ಕೇಳೋದು ಒಂದೇ. ಅಗಸೆ ಬಳಿದೆಯಾ ಅಂತ."

"ಒಂದು ಕಲ್ಲು ನೀನು, ಒಂದು ಕಲ್ಲು ನಾನು," ಅಂದ ಅವನು.