ಅವಳು ಮೆತ್ತಗೆ ಮಾಡಿದ ಮಾತು

ಅಂಗವಿಕಲರ ಹಕ್ಕುಗಳ ಆಯೋಗ. ವಿಚಾರಣಾ ಕೊಠಡಿಯ ಬಾಗಿಲಲ್ಲೇ ಇಬ್ಬರೂ ಎದುರುಬದುರಾದರು... ಎಂಟು ತಿಂಗಳ ನಂತರ!

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಗುರುತು ಪರಿಚಯ ಇಲ್ಲದವರಿಗೆ ಬಿಡುವ ಹಾಗೆ.

ಅವನ ಅಕ್ಕ ಮಾತ್ರ ಬಿಡುವವಳಲ್ಲ. "ಯಾವ ಮುಖ ಇಟ್ಕೊಂಡು ಬಂದೆಯಮ್ಮ? ಇವತ್ತೂ ಪ್ರೆಸ್ ಮಾಲೀಕರ ಕಡೇನಾ?"

"ಸಾಕ್ಷಿ ಹೇಳೋಕೆ ಕರೆದಿದ್ದಾರೆ, ಅಕ್ಕ..."

ಅವನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷದಿಂದ ಮೆಷಿನ್‌ಮ್ಯಾನ್. ಇವಳು ಸನ್ನೆ ಭಾಷೆಯ ದುಭಾಷಿ. ಪ್ರೆಸ್ಸಿನ ತರಬೇತಿಯೊಂದರಲ್ಲಿ ಭೇಟಿಯಾದರು. ತರಬೇತಿ ಮೂರೇ ದಿನಕ್ಕೆ ಮುಗಿಯಿತು, ಇವರ ಮಾತು ಮುಗಿಯಲಿಲ್ಲ. ಮದುವೆಯ ಮಾತೂ ಆಗಿತ್ತು.

ಅಷ್ಟರಲ್ಲಿ ಬಂತು ಸೂಪರ್‌ವೈಸರ್ ಹುದ್ದೆಗೆ ಅವನ ಸಂದರ್ಶನ. ದುಭಾಷಿಯಾಗಿ ಕೂತವಳು ಇವಳೇ.

"ಅಪಾಯದ ಬೆಲ್ ಕೇಳಿಸದವರಿಗೆ ಈ ಹುದ್ದೆ ಹೇಗಮ್ಮಾ ಕೊಡೋದು?" ಎಂದರು ಮಾಲೀಕರು.

ಅವನ ಕೈಗಳು ಖಡಕ್ಕಾಗಿ ಉತ್ತರಿಸಿದವು. "ಬೆಲ್ ಜೊತೆ ಮಿನುಗೋ ದೀಪ ಹಾಕಿಸಿ. ಅದು ನನ್ನ ಹಕ್ಕು, ಕಾನೂನಲ್ಲಿದೆ. ಹಾಕಿಸದಿದ್ರೆ ದೂರು ಕೊಡ್ತೀನಿ."

ಮಾಲೀಕರ ಗಂಟುಮೋರೆ ನೋಡಿ ಇವಳಿಗೆ ದಿಗಿಲಾಯಿತು. 'ಅಯ್ಯೋ, ಇರೋ ಕೆಲಸಕ್ಕೇ ಸಂಚಕಾರ ಬಂದರೆ?'

"ಆಗೋದಾದ್ರೆ ಒಂದು ದೀಪ ಹಾಕಿಸಿ ಅಂತಿದ್ದಾರೆ ಸರ್... ಆಗದಿದ್ರೂ ಪರವಾಗಿಲ್ವಂತೆ," ಎಂದು ಅವನ ಮಾತನ್ನು ಮೆತ್ತಗೆ ಮಾಡಿ ಹೇಳಿಬಿಟ್ಟಳು.

ಆ ಮಾತೇ ದಾಖಲೆಯಾಯಿತು. ಹುದ್ದೆ ಬೇರೆಯವರ ಪಾಲಾಯಿತು. ದಾಖಲೆ ಓದಿದ ಅವನು, ಇವಳು ಮಾಲೀಕರ ಕೈಗೊಂಬೆಯಾದಳೆಂದೇ ತಿಳಿದ; ಆಯೋಗಕ್ಕೆ ದೂರು ಕೊಟ್ಟ. ಇವಳೋ, ನಾಚಿಕೆಯಿಂದ ಅವನ ಮನೆ ಬಾಗಿಲಿಗೂ ಹೋಗಲಿಲ್ಲ.

ಈಗ ಮಾಲೀಕರ ವಕೀಲರು ಅದೇ ದಾಖಲೆಯನ್ನು ಎತ್ತಿ ಹಿಡಿದರು. "ಪರವಾಗಿಲ್ಲ ಅಂತ ದೂರು ಕೊಟ್ಟವರೇ ಒಪ್ಪಿದಾರೆ, ಮೇಡಂ!"

ವಿಚಾರಣಾಧಿಕಾರಿ ಇವಳತ್ತ ತಿರುಗಿದರು. "ಅವತ್ತು ನೀವು ಹೇಳಿದ್ದು ಅವರ ಮಾತೇನಾ?"

'ಹೌದು ಅಂದರೆ ನನ್ನ ದುಭಾಷಿ ಪರವಾನಗಿ ಉಳಿಯುತ್ತೆ. ಅವನ ದೂರು ಬಿದ್ದುಹೋಗುತ್ತೆ...'

ಅವಳು ಬಾಯಲ್ಲೂ ಹೇಳಿದಳು, ಅವನಿಗೆ ಕಾಣುವಂತೆ ಕೈಯಲ್ಲೂ ಹೇಳಿದಳು.

"ಅಲ್ಲ ಮೇಡಂ. ಅವರು ಹಕ್ಕು ಕೇಳಿದ್ರು, ನಾನು ದಯೆ ಕೇಳಿದೆ. ಕೆಲಸ ಹೋಗುತ್ತೇಂತ ಹೆದರಿದ್ದು ನಾನು. ಅವರು ಹೆದರಿರಲಿಲ್ಲ."

"ಇದರಿಂದ ನಿಮ್ಮ ಪರವಾನಗಿ ಹೋಗಬಹುದು, ಗೊತ್ತಾ?"

"ಗೊತ್ತು ಮೇಡಂ."

ಮಧ್ಯಾಹ್ನ ಆದೇಶ ಬಂತು. ಪ್ರೆಸ್ಸಿನವರು ದೀಪ ಹಾಕಿಸಬೇಕು, ಸಂದರ್ಶನ ಹೊಸದಾಗಿ ನಡೆಸಬೇಕು. ಇವಳ ಪರವಾನಗಿ ತನಿಖೆ ಮುಗಿಯುವ ತನಕ ಅಮಾನತು.

ಅವನು ಮೆಟ್ಟಿಲ ಬಳಿ ಕಾಯುತ್ತಿದ್ದ. ಅಕ್ಕ ನೀರು ಕುಡಿಯುವ ನೆಪ ಹೇಳಿ ಮೆಲ್ಲಗೆ ಜಾರಿಕೊಂಡಳು.

"ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ?" ಅವನ ಕೈಗಳು ಕೇಳಿದವು.

"ಪ್ರೀತಿ ಇತ್ತು... ನಂಬಿಕೆ ಸಾಲಲಿಲ್ಲ. ತಪ್ಪಾಯ್ತು ಕಣೋ."

"ಎಂಟು ತಿಂಗಳು! ಒಂದು ಸಲ ಬಂದು ಹೇಳಬಾರದಿತ್ತಾ?"

"ಧೈರ್ಯ ಬರಲಿಲ್ಲ. ಆ ದಿನಗಳನ್ನ ನಾನು ವಾಪಸ್ ತಂದುಕೊಡೋಕಾಗಲ್ಲ..."

ಅವಳ ಕಣ್ಣು ತುಂಬಿ ಅವನ ಕೈಗಳು ಮಸುಕಾದವು. ಅವಳು ಕಣ್ಣೊರೆಸಿಕೊಳ್ಳುವವರೆಗೂ ಅವನು ಸುಮ್ಮನೆ ಕಾದ.

"ಇನ್ಮೇಲೆ ನನ್ನ ಮಾತನ್ನ ನೀನು ಹೇಳಬೇಡ. ಅದಕ್ಕೆ ಬೇರೆಯವರನ್ನ ಕರೀತೀನಿ."

ಅವಳು ತಲೆ ತಗ್ಗಿಸಿದಳು. ಅವನು ಅವಳ ಭುಜ ತಟ್ಟಿ, ಅವಳು ತನ್ನನ್ನು ನೋಡುವಂತೆ ಮಾಡಿದ.

"ನಿನ್ನ ಮಾತು ಹೇಳು."

"ನಿನ್ನ ಬಿಟ್ಟು ನನಗೆ ಇರೋಕಾಗ್ತಿಲ್ಲ!"

"ನನಗಿನ್ನೂ ಸಿಟ್ಟಿದೆ."

"ಇರಲಿ. ಅದು ಹೋಗೋವರೆಗೂ ಪಕ್ಕದಲ್ಲೇ ಇರ್ತೀನಿ. ಇರಲಾ?"

ಉತ್ತರ ಹೇಳಲು ಎತ್ತಿದ ಕೈಯನ್ನು ಅವನು ನಡುವೆಯೇ ನಿಲ್ಲಿಸಿ, ಅವಳ ಕೈ ಹಿಡಿದುಕೊಂಡ.