ಅಂಚು ಮುಚ್ಚದ ಜಾಲರಿ ಶಾಲು

ಬಹಳ ಹಿಂದೆ, ಹಕ್ಕಿಗಳೂ ದಾರಿಹೋಕರ ಕುಶಲ ಕೇಳುತ್ತಿದ್ದ ಕಾಲದಲ್ಲಿ, ತೊರೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಬೀರಣ್ಣನೆಂಬ ಕುರುಬರ ಯುವಕ ಉಣ್ಣೆಯ ಶಾಲು ಹೆಣೆಯುತ್ತಿದ್ದ. ಉಣ್ಣೆ ಹಿಂಜಿಕೊಡುತ್ತಿದ್ದ ತಂಗಿ ಮಾಳವ್ವನೇ ಅವನ ಪ್ರಪಂಚ. ಒಂದು ದಿನ ಧೂಮಕನೆಂಬ ಮಾಂತ್ರಿಕ ಅವಳನ್ನು ಕುರಿ ಮಾಡಿ ಕೋಟೆಗೆ ಎಳೆದೊಯ್ದ. ರಾಜನನ್ನು ಆಗಲೇ ಹುಂಜ ಮಾಡಿ ಅಂಗಳಕ್ಕೆ ಬಿಟ್ಟಿದ್ದ.

ಬೀರಣ್ಣ ಕೋಟೆಗೆ ಹೋಗಿ, "ನನ್ ತಂಗೀನ ಬಿಡು," ಎಂದ.

"ವಯಸ್ಸಾಯ್ತು ಕಣೋ, ಮಂತ್ರ ಮರೆತುಹೋಗ್ತಿವೆ," ಎಂದ ಧೂಮಕ. "ತೂತು ತೂತಿನ ಜಾಲರಿ ಶಾಲು ಹೆಣೆದುಕೊಡು. ತೂತಿಗೊಂದು ಮಂತ್ರ ತುಂಬಿ ಹೊದ್ಕೋತೀನಿ. ಕೆಲಸ ಮೆಚ್ಚಿದ್ರೆ ತಂಗಿ ನಿನ್ನವಳು. ಇಲ್ದಿದ್ರೆ ಸಾರಿಗೆ ಹಾಕ್ತೀನಿ."

"ಮೊದಲು, ಜೇಡ ನಾಚುವಂಥ ನೂಲು ಬೇಕು," ಎಂದ. ಬೀರಣ್ಣ ನೂತ.

"ಎರಡನೆಯದು, ಶಾಲು ನನ್ನ ಉಂಗುರದಲ್ಲಿ ತೂರಬೇಕು," ಎಂದ. ಹೆಣೆದಷ್ಟೂ ಹೆಣಿಗೆ ಕಡ್ಡಿಯ ಸಮೇತ ಸರಾಗವಾಗಿ ತೂರಿತು.

"ಮೂರನೆಯದು, ಊದಿದರೆ ತೇಲಬೇಕು," ಎಂದ. ಬೀರಣ್ಣ ಊದಿದ, ತೇಲಿತು. ಕುಣಿಯುತ್ತಾ ಧೂಮಕ ತನಗೆ ನೆನಪಿದ್ದ ಮಂತ್ರಗಳನ್ನೆಲ್ಲ ತೂತಿಗೊಂದರಂತೆ ಉಸುರಿ ತಲೆ ಖಾಲಿಮಾಡಿಕೊಂಡ. ಕೊಡು ಎಂದು ಕೈಚಾಚಿದ.

"ತಾಳಿ ಸ್ವಾಮಿ, ಇನ್ನೂ ಅಂಚು ಮುಚ್ಚಿಲ್ಲ. ಕೊನೆ ಸಾಲಿನ ಕುಣಿಕೆಗಳನ್ನ ಒಂದರೊಳಗೊಂದು ಹಾಕಿ ಬಿಗೀಬೇಕು."

"ನನಗೇ ಪಾಠ ಹೇಳ್ತೀಯಾ?"

ಆತುರಗಾರನಿಗೆ ಬುದ್ಧಿ ಮಟ್ಟ. ಧೂಮಕ ಶಾಲನ್ನು ಕಡ್ಡಿಯಿಂದ ಕಿತ್ತು ಹೊದ್ದುಕೊಂಡ. "ತಂಗಿ ಸಾರಿಗೇ ಸರಿ," ಎಂದು ನಕ್ಕ.

ಬೀರಣ್ಣನ ಎದೆ ಒಡೆದುಹೋಯಿತು. ಆದರೆ ಅಲ್ಲೇ ನಿಂತಿದ್ದ ಮಾಳವ್ವ ಕುರಿಯಾದರೂ ಶಾಲಿನ ಮನೆಯ ಮಗಳು. ಶಾಲಿನಿಂದ ಜೋತಾಡುತ್ತಿದ್ದ ಎಳೆಯನ್ನು ಹಲ್ಲಲ್ಲಿ ಕಚ್ಚಿ ಓಟ ಕಿತ್ತಳು. ಸರ್ರನೆ ಸಾಲು ಸಾಲೇ ಬಿಚ್ಚಿಕೊಂಡಿತು. ತೂತು ಹೋಯಿತು, ಮಂತ್ರ ಹೋಯಿತು. "ನಿಲ್ಲೇ, ನಿಲ್ಲೇ," ಎನ್ನುತ್ತಾ ಧೂಮಕ ಬೆನ್ನಟ್ಟಿದ. ಬೆನ್ನಟ್ಟಿದಷ್ಟೂ ನೂಲು ಕಾಲಿಗೆ ಸುತ್ತಿಕೊಂಡು ಮುಗ್ಗರಿಸಿಬಿದ್ದ. ತಿಪ್ಪೆ ಕೆದರುತ್ತಿದ್ದ ಹುಂಜ ರಾಜನಾಗಿ ಎದ್ದು ನಿಂತು, ಅಭ್ಯಾಸಬಲದಿಂದ ಇನ್ನೊಂದು ಸಲ ಕೂಗಿಯೇಬಿಟ್ಟ.

ಕೊನೆಯ ಕುಣಿಕೆ ಬಿಚ್ಚಿದಾಗ ಬಾಯಲ್ಲಿ ನೂಲು ಕಚ್ಚಿಕೊಂಡು ಮಾಳವ್ವ ಮತ್ತೆ ಹುಡುಗಿಯಾಗಿ ನಿಂತಿದ್ದಳು. ಬೀರಣ್ಣ ಅವಳನ್ನು ತಬ್ಬಿಕೊಂಡು ಎಳೆಮಗುವಿನ ಹಾಗೆ ಅತ್ತ.

ಒಂದು ಮಂತ್ರವೂ ನೆನಪಿಲ್ಲದ ಧೂಮಕನನ್ನು ರಾಜ ಕುರಿ ಕಾಯಲು ಕಳಿಸಿದ. ಕುರಿಗಳು ಅವನ ಮಾತು ಕೇಳುತ್ತಿರಲಿಲ್ಲ, ಅವನೇ ಅವುಗಳ ಮಾತು ಕೇಳುತ್ತಿದ್ದ. ತೊರೆನಾಡಿನವರೆಲ್ಲ ಅಂದಿನಿಂದ ನೆಮ್ಮದಿಯಾಗಿ ಉಂಡು ಮಲಗಿದರು.

ಆದರೆ ಆ ದಿನ ಬೀರಣ್ಣ ಮಾತ್ರ ಬಿಚ್ಚಿಹೋದ ನೂಲು ನೋಡಿ ಪೆಚ್ಚಾಗಿದ್ದ. "ಎಂಥಾ ಶಾಲಾಗಿತ್ತು ಮಾಳಿ."

"ಇನ್ನೊಂದು ಹೆಣೆಯುವಂತೆ ಬಾರಣ್ಣ," ಎಂದಳು ಮಾಳವ್ವ. "ಮೊದಲು ಖಾರವಾಗಿ ಚಟ್ನಿ ಅರೆ. ಹುಲ್ಲು ತಿಂದು ತಿಂದು ನಾಲಿಗೆ ಸತ್ತುಹೋಗಿದೆ."